ಇಂಡೆಕ್ಸ್ ಎರರ್: ಹಾಲಿನ ಹಣದ ಬಟವಾಡೆ ಲೂಪಿನಲ್ಲಿ ನಾನು ಹಿಡಿದ ದಾರಿ

ಪೈಥಾನಿನಲ್ಲಿ 'ಲಿಸ್ಟ್ ಇಂಡೆಕ್ಸ್ ಔಟ್ ಆಫ್ ರೇಂಜ್' (ಲಿಸ್ಟಿನಲ್ಲಿ ಇಲ್ಲದ ಸ್ಥಾನ ಕೇಳಿದ ಎರರ್) ಬಂದರೆ ಎರರ್ ಹಿಡಿಯುವ ಟ್ರೈ-ಎಕ್ಸೆಪ್ಟ್ ಸುತ್ತಿ, ಏನೂ ಮಾಡದೆ ಮುಂದೆ ಹೋಗುವಂತೆ ಪಾಸ್ ಹಾಕಿ ಎಂದವರೇ ಹೆಚ್ಚು. ಹಾಲಿನ ಸಂಘದ ಲೆಕ್ಕದಲ್ಲಿ ಹಾಗೆ ಬಿಟ್ಟ ಒಂದೊಂದು ಸಾಲೂ ಒಬ್ಬರ ಮನೆಯ ದುಡ್ಡು. ನಾನು ಎಕ್ಸೆಪ್ಟ್ ಕಿತ್ತುಹಾಕಿ, ಲೂಪಿಗೆ ಮುಂಚೆಯೇ ಪ್ರತಿ ಸಾಲಿನಲ್ಲಿ ಎಷ್ಟು ಕಾಲಂ ಇದೆ ಎಂದು ಎಣಿಸಿದೆ. ಎಣಿಸಿ ಏನು ಸಿಗುತ್ತದೆ ಎಂದು ಕೆಲವರು ಕೇಳಿದ್ದರು; ಈಗ ಬಟವಾಡೆ ಪೈಸೆ ಪೈಸೆಗೂ ತಾಳೆಯಾಗುತ್ತದೆ.

ಹಾಲು ಅಳೆಯುವ ಯಂತ್ರದ ಫೈಲಿನಲ್ಲಿ 9 ಕಾಲಂ: ಸದಸ್ಯ ಸಂಖ್ಯೆ, ದಿನಾಂಕ, ಪಾಳಿ, ಹೆಸರು, ಲೀಟರ್, ಫ್ಯಾಟ್, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟ ಘನಾಂಶ), ದರ, ಮೊತ್ತ. ಇಂಡೆಕ್ಸ್ ಎಣಿಕೆ ಸೊನ್ನೆಯಿಂದ, ಹಾಗಾಗಿ ಮೊತ್ತ ಇರುವುದು ಇಂಡೆಕ್ಸ್ 8ರಲ್ಲಿ. ಸಾಲುಗಳ ಲೆನ್ (ಎಷ್ಟು ಕಾಲಂ ಎಂಬ ಉದ್ದ) ಅನ್ನು, ಯಾವ ಉದ್ದ ಎಷ್ಟು ಸಲ ಬಂತು ಎಂದು ಎಣಿಸುವ ಕೌಂಟರ್‌ಗೆ ಕೊಟ್ಟೆ. ಸುಮಾರು 40 ಸಾವಿರ ಸಾಲಿಗೆ ಒಂದು ಸೆಕೆಂಡೂ ಹಿಡಿಯಲಿಲ್ಲ. ಬಹುಪಾಲು 9. ಆರೋ ಏಳೋ ಬಂದವು ಕರೆಂಟ್ ಹೋಗಿ ಅರ್ಧಕ್ಕೆ ನಿಂತ ಸಾಲುಗಳು. 1 ಬಂದವು ಖಾಲಿ ಸಾಲು. ಸಾಲನ್ನು ಒಡೆಯುವ ಸ್ಪ್ಲಿಟ್‌ಗೆ ಕಾಮಾ ಕೊಟ್ಟರೆ ಖಾಲಿ ಸಾಲಿಗೂ ಒಂದು ಖಾಲಿ ಸ್ಟ್ರಿಂಗ್ ಬರುತ್ತದೆ. ಎರರ್ ಕೊಡುತ್ತಿದ್ದದ್ದು ಇವೇ.

ನಿಜವಾದ ನಷ್ಟ ಇದ್ದದ್ದು 10 ಬಂದ ಸಾಲುಗಳಲ್ಲಿ. 'ಲಕ್ಷ್ಮಮ್ಮ, ಕೋಂ ರಾಮಣ್ಣ' ಎಂದು ಹೆಸರಿನಲ್ಲೇ ಕಾಮಾ! ಯಂತ್ರ ಹೆಸರಿನ ಸುತ್ತ ಕೋಟ್ ಹಾಕುವುದಿಲ್ಲ, ಹಾಗಾಗಿ ಕಾಮಾ ಫೈಲು ಓದುವ ಪೈಥಾನಿನ ಸಿಎಸ್‌ವಿ ಮಾಡ್ಯೂಲೂ ಉಪಯೋಗಕ್ಕೆ ಬರಲಿಲ್ಲ. ಕಾಲಂ ಒಂದು ಸರಿದು, ಇಂಡೆಕ್ಸ್ 8ರಲ್ಲಿ ದರ ಬಂದು ಕೂರುತ್ತದೆ. 8 ಲೀಟರಿಗೆ 280 ರೂಪಾಯಿ ಹೋಗಬೇಕಾದಲ್ಲಿ ಬರೀ 35. ದಿನಕ್ಕೆ ಎರಡು ಪಾಳಿ, ಹದಿನೈದು ದಿನದ ಬಟವಾಡೆಯಲ್ಲಿ ಒಂದೇ ಮನೆಗೆ 7,350 ರೂಪಾಯಿ ಖೋತಾ. ಒಂದೇ ಒಂದು ಎರರ್ ಇಲ್ಲ.

ಮೊತ್ತಕ್ಕೆ ಮೈನಸ್ 1 ಇಂಡೆಕ್ಸ್ (ಕೊನೆಯ ಕಾಲಂ) ಸಾಕು ಎನ್ನಬೇಡಿ, ಅರ್ಧಕ್ಕೆ ನಿಂತ ಸಾಲಿನಲ್ಲಿ ಅದು ಫ್ಯಾಟನ್ನೇ ಮೊತ್ತ ಎಂದು ಕೊಡುತ್ತದೆ. ನಾನು ಮಾಡಿದ್ದು ಸ್ಟಾರ್ ಅನ್‌ಪ್ಯಾಕಿಂಗ್: ಎಡದಿಂದ ಮೂರು, ಬಲದಿಂದ ಐದು, ನಡುವೆ ಉಳಿದದ್ದೆಲ್ಲ ಹೆಸರು. ಇದರಲ್ಲೊಂದು ಗುಂಡಿ ಇದೆ. ಸ್ಟಾರ್ ಸೊನ್ನೆ ಐಟಂ ಸಿಕ್ಕರೂ ಒಪ್ಪುತ್ತದೆ, ಹೀಗಾಗಿ 8 ಕಾಲಮಿನ ಸಾಲು ಸದ್ದಿಲ್ಲದೆ ಪಾಸಾಗುತ್ತದೆ. 9ಕ್ಕಿಂತ ಕಡಿಮೆ ಇದ್ದದ್ದನ್ನೆಲ್ಲ ಮೊದಲೇ ಬೇರೆ ಲಿಸ್ಟಿಗೆ ಹಾಕಿ, ಸಾಲಿನ ನಂಬರ್ ಸಮೇತ. ಆ ಲಿಸ್ಟಿನ ಮೊತ್ತವನ್ನು ನಾನು ಹೇಗೆ ಕಟ್ಟುತ್ತೇನೆ ಎನ್ನುವುದು ಇಲ್ಲಿ ಬೇಡ, ಅದು ನನ್ನ ಅನ್ನದ ವಿದ್ಯೆ.

ಪಾಂಡಾಸನ್ನೂ (ಪಟ್ಟಿಯ ಡೇಟಾ ಓದುವ ಪೈಥಾನ್ ಲೈಬ್ರರಿ) ನೋಡಿದೆ. 10 ಕಾಲಂ ಕಂಡರೆ ಓದುವುದನ್ನೇ ನಿಲ್ಲಿಸುತ್ತದೆ, ಸ್ಕಿಪ್ ಕೊಟ್ಟರೆ ಸಾಲೇ ಮಾಯ. ಕಡಿಮೆ ಇದ್ದರೆ ಎನ್‌ಎಎನ್ (ಸಂಖ್ಯೆ ಇಲ್ಲ ಎನ್ನುವ ಗುರುತು) ತುಂಬಿ, ಸಮ್ ಮಾಡುವಾಗ ಬಿಟ್ಟುಬಿಡುತ್ತದೆ. ರೆಡಿಮೇಡ್ ತಂತ್ರಾಂಶಕ್ಕೆ ವರ್ಷಕ್ಕೆ ಹದಿನೆಂಟು ಸಾವಿರದ ಹತ್ತಿರ ಕೇಳಿದ್ದರು. ನನ್ನ ಸ್ಕ್ರಿಪ್ಟ್ ಅರವತ್ತು ಸಾಲೂ ಇಲ್ಲ.

ಖಾಲಿ ಸಾಲನ್ನು ಲೂಪಿನ ಒಳಗೇ ಪಾಪ್ ಮಾಡಿ ತೆಗೆಯಬೇಡಿ. ಲೂಪಿನ ಸುತ್ತು ಎಣಿಸುವ ರೇಂಜ್ ಒಮ್ಮೆ ತೆಗೆದುಕೊಂಡ ಉದ್ದವನ್ನು ಬದಲಿಸುವುದಿಲ್ಲ, ಲಿಸ್ಟ್ ಮಾತ್ರ ಕುಗ್ಗುತ್ತದೆ, ಕೊನೆಯಲ್ಲಿ ಎರರ್. ಅಕ್ಕಪಕ್ಕ ಎರಡು ಖಾಲಿ ಇದ್ದರೆ ಎರಡನೆಯದು ಉಳಿದೇ ಹೋಗುತ್ತದೆ. ಹೊಸ ಲಿಸ್ಟ್ ಕಟ್ಟಿ.

ಬೆಳಿಗ್ಗೆ-ಸಂಜೆ ಪಾಳಿಯನ್ನು ಜಿಪ್‌ನಲ್ಲಿ ಜೋಡಿಸಿಯೂ ನೋಡಿದೆ. ಚಿಕ್ಕ ಲಿಸ್ಟ್ ಮುಗಿದಲ್ಲಿಗೆ ಜಿಪ್ ನಿಲ್ಲುತ್ತದೆ. ಪೈಥಾನ್ 3.10ರಿಂದ ಸ್ಟ್ರಿಕ್ಟ್ ಎಂಬ ಆಯ್ಕೆ ಇದೆ, ಅದಕ್ಕೆ ಟ್ರೂ ಕೊಟ್ಟರೆ ಉದ್ದ ಹೊಂದದಿದ್ದಾಗ ಎರರ್ ಎಸೆಯುತ್ತದೆ. ಆದರೆ ಒಂದೇ ಹೊತ್ತು ಹಾಲು ಹಾಕುವವರು ಎಲ್ಲ ಊರಲ್ಲೂ ಇದ್ದಾರೆ, ಆದ್ದರಿಂದ ಜಿಪ್ ಬಿಟ್ಟು ಸದಸ್ಯ ಸಂಖ್ಯೆಯಿಂದಲೇ ಹುಡುಕುವ ಡಿಕ್ಷನರಿಗೆ ಬಂದೆ.