ಬಿಲ್ಲಿನಲ್ಲಿ ನಿಮ್ಮದಲ್ಲದ ವಿಮಾನ ಟಿಕೆಟ್ ಕಂಡರೆ

ಕಾರ್ಡ್ ವಿವರ ಕದ್ದವರಿಗೆ ವಿಮಾನ ಟಿಕೆಟ್ ಅಂದರೆ ಬಲು ಪ್ರೀತಿ. ಮನೆ ವಿಳಾಸ ಕೊಡಬೇಕಿಲ್ಲ, ಪಾರ್ಸೆಲ್ಲಿಗೆ ಕಾಯಬೇಕಿಲ್ಲ. ಪ್ರಯಾಣದ ಹಿಂದಿನ ದಿನ ಕೊಂಡು ಕಡಿಮೆ ಬೆಲೆಗೆ ಮಾರಿದರೆ ಮುಗಿಯಿತು.

ಮೊದಲು ಬಿಲ್ ಸರಿಯಾಗಿ ಓದಿ. ಏಜೆನ್ಸಿ ಮೂಲಕ ಕೊಂಡ ಒಂದೇ ಟಿಕೆಟ್ಟಿಗೆ ವಿಮಾನ ಕಂಪನಿಯದೊಂದು, ಏಜೆನ್ಸಿ ಶುಲ್ಕದ್ದೊಂದು ಎಂದು ಎರಡು ಸಾಲು ಬರುವುದುಂಟು. ಹೋಟೆಲ್ ತಡೆಹಿಡಿದ ಮುಂಗಡವೂ ಕಳ್ಳತನವಲ್ಲ.

ಅನುಮಾನ ಉಳಿದರೆ ಆ್ಯಪ್‌ನಲ್ಲಿ ಕಾರ್ಡ್ ಲಾಕ್ ಮಾಡಿ, ಕಾರ್ಡಿನ ಹಿಂಬದಿಯ ನಂಬರಿಗೇ ಕರೆ ಮಾಡಿ. ಹುಡುಕಾಟದಲ್ಲಿ ಸಿಕ್ಕ ‘ಕಸ್ಟಮರ್ ಕೇರ್’ ನಂಬರ್ ಬೇಡವೇ ಬೇಡ, ಅಲ್ಲಿ ಎರಡನೇ ಕಳ್ಳ ಕೂತಿರಬಹುದು. ಟಿಕೆಟ್ ರದ್ದಿಗೆ ಒಟಿಪಿ ಕೇಳಿದರೆ ಫೋನ್ ಇಟ್ಟುಬಿಡಿ. ವಿಮಾನ ಇನ್ನೂ ಹೊರಟಿಲ್ಲವೆಂದರೆ ಆ ಕಂಪನಿಗೂ ತಕ್ಷಣ ತಿಳಿಸಿ.

ಜನ ಎಡವುವುದು ಬ್ಯಾಂಕಿಗೆ ದೂರು ಬರೆಯುವಾಗ. ನೀವು ಮಾಡದ ಖರೀದಿ ಬೇರೆ, ನೀವೇ ಹಣ ಕಟ್ಟಿ ಮೋಸಹೋದದ್ದು ಬೇರೆ. ನಕಲಿ ಏಜೆಂಟನಿಗೆ ಕಾರ್ಡ್ ನಂಬರ್ ಕೊಟ್ಟು, ಒಟಿಪಿಯನ್ನೂ ತಾವೇ ಹಾಕಿದವರು ಸಿಟ್ಟಿನಲ್ಲಿ ‘ಇದು ನಾನು ಮಾಡಿದ್ದಲ್ಲ’ ಎಂಬಲ್ಲಿ ಗುರುತು ಹಾಕುತ್ತಾರೆ. ಬ್ಯಾಂಕ್ ಒಟಿಪಿ ದಾಖಲೆ ತೆಗೆದರೆ ದೂರು ಅಲ್ಲಿಗೇ ಬಿತ್ತು. ಅವರು ಆರಿಸಬೇಕಾದದ್ದು ‘ಹಣ ಕೊಟ್ಟರೂ ಸೇವೆ ಸಿಗಲಿಲ್ಲ’ ಎಂಬುದನ್ನು. ಅದಕ್ಕೆ ರಶೀದಿ, ಏಜೆಂಟನ ಸಂದೇಶಗಳು, ಎಲ್ಲಕ್ಕಿಂತ ಮುಖ್ಯವಾಗಿ ಟಿಕೆಟ್ ವಿತರಣೆಯಾಗಿಲ್ಲ ಎಂಬ ವಿಮಾನ ಕಂಪನಿಯ ಇಮೇಲ್ ಲಗತ್ತಿಸಿ. ಆರು ಅಕ್ಷರ-ಅಂಕಿಗಳ ಪಿಎನ್‌ಆರ್ (ಬುಕಿಂಗ್ ಗುರುತು) ಇದೆಯೆಂದು ಸಮಾಧಾನಪಡಬೇಡಿ. ದುಡ್ಡು ಕಟ್ಟದೆ ಸೀಟು ಹಿಡಿದಿಟ್ಟರೂ ಅದು ಸಿಗುತ್ತದೆ. ಆ ಕಂಪನಿ 13 ಅಂಕಿಯ ಇ-ಟಿಕೆಟ್ ನಂಬರ್ ಕೊಡುವುದಾದರೆ ಅದನ್ನು ಕೇಳಿ, ಏನೇ ಇರಲಿ ಟಿಕೆಟ್ ಆಗಿದೆಯೆಂದು ಕಂಪನಿಯಿಂದಲೇ ಖಚಿತಪಡಿಸಿಕೊಳ್ಳಿ. ಏಜೆಂಟ್ ಕಳಿಸಿದ ಪಿಡಿಎಫ್ ಯಾರು ಬೇಕಾದರೂ ತಯಾರಿಸಬಹುದು.

ವೀಸಾ, ಮಾಸ್ಟರ್‌ಕಾರ್ಡ್ ನಿಯಮಗಳಲ್ಲಿ ಇಂಥ ತಕರಾರಿಗೆ ಸಾಮಾನ್ಯವಾಗಿ 120 ದಿನ ಅವಕಾಶ. ಸಿಗದ ಪ್ರಯಾಣಕ್ಕೆ ಈ ಲೆಕ್ಕ ಹೆಚ್ಚಾಗಿ ಪ್ರಯಾಣದ ದಿನದಿಂದ ಶುರುವಾಗುತ್ತದೆ. ಬ್ಯಾಂಕಿನದೇ ಗಡುವು ಇದಕ್ಕಿಂತ ಕಡಿಮೆ ಇರಬಹುದು, ಹಾಗಾಗಿ ಕಂಡ ದಿನವೇ ಬರೆಯಿರಿ. ದೂರಿನ ನಂಬರ್ ಪಡೆಯದೆ ಕರೆ ಮುಗಿಸಬೇಡಿ.

ಕಾರ್ಡ್ ಕಳ್ಳತನ ತಡೆಯುತ್ತದೆಂದು ಮಾರುವ ಆರ್‌ಎಫ್‌ಐಡಿ ಪರ್ಸ್ (ಕಾರ್ಡಿನ ರೇಡಿಯೋ ಸಂಕೇತ ತಡೆಯುವ ಪರ್ಸ್) ಇಲ್ಲಿ ದಂಡ. ನಂಬರ್ ಸೋರುವುದು ಜೇಬಿನಿಂದಲ್ಲ, ಜಾಲತಾಣಗಳಿಂದ. ಪ್ರಯಾಣದ ಖರೀದಿಗೆ ಮಿತಿ ಕಡಿಮೆಯಿರುವ ಕಾರ್ಡೊಂದನ್ನು ಬೇರೆಯಾಗಿಯೇ ಇಟ್ಟುಕೊಳ್ಳಿ. ಡೆಬಿಟ್ ಕಾರ್ಡ್ ಅಂತೂ ಬೇಡ, ಹೋಗುವುದು ನಿಮ್ಮ ಖಾತೆಯ ಹಣ.

ಹೊಸ ಕಾರ್ಡ್ ಬಂದ ಮೇಲೆ, ಹಳೆಯ ನಂಬರ್ ಕೊಟ್ಟು ಕಾದಿರಿಸಿದ ಹೋಟೆಲ್‌ಗಳಿಗೆ ಹೊಸದನ್ನು ತಿಳಿಸಿ. ಇಲ್ಲದಿದ್ದರೆ ಅವರು ಕೋಣೆ ರದ್ದು ಮಾಡಬಹುದು.