ಕುಡಿ ಚಿವುಟಿದರೂ ಡೇರೆ ಕವಲೊಡೆಯಲಿಲ್ಲ

ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ ಮಳೆಗಾಲ ಅಂದ್ರೆ ಅಂಗಳದ ತುಂಬಾ ಡೇರೆ, ಅಂದ್ರೆ ಡೇಲಿಯಾ ಹೂವಿನ ಗಿಡ. ಮಳೆ ಹಿಡಿಯುವ ಹೊತ್ತಿಗೆ ಗಡ್ಡೆ ನೆಟ್ಟರೆ ಚೌತಿಗೆ ಹೂವು. ನಾಲ್ಕು ಜೊತೆ ಎಲೆ ಬಂದ ಕೂಡಲೇ ಕುಡಿ ಚಿವುಟಬೇಕು ಅಂತ ಕಲಿಸಿದವರು ನನ್ನ ಅತ್ತೆ.

ಎರಡು ವರ್ಷದ ಹಿಂದೆ ಒಂದೇ ಬಣ್ಣದ ಗಡ್ಡೆಗಳನ್ನು ಎರಡು ಕಡೆ ನೆಟ್ಟೆ. ಅರ್ಧ ದಣಪೆ (ಅಂಗಳದ ಬೇಲಿಯ ಬಾಗಿಲು) ಪಕ್ಕ, ಅರ್ಧ ಅಡಿಕೆ ತೋಟದ ಅಂಚಿಗೆ. ಒಂದೇ ದಿನ ಕುಡಿ ಚಿವುಟಿದೆ. ದಣಪೆ ಪಕ್ಕದ ಗಿಡಗಳಲ್ಲಿ ಆರೇಳು ಕವಲು ಬಂದವು. ತೋಟದಂಚಿನವುಗಳಲ್ಲಿ ಮೇಲಿನ ಎರಡು ಮೊಗ್ಗು ಮಾತ್ರ ಚಿಗುರಿ, ಸಪೂರವಾಗಿ ಉದ್ದಕ್ಕೆ ಹೋದವು. ಉಳಿದ ಮೊಗ್ಗುಗಳು ಎಲೆಯ ಕಂಕುಳಲ್ಲಿ ಸುಮ್ನೆ ಕೂತಿದ್ದವು.

"ಅಲ್ಲಿ ಬಿಸಿಲೆಲ್ಲಿ ಬೀಳ್ತದೆ ಮಾರಾಯ್ತಿ" ಅಂದರು ಅತ್ತೆ. ಅದು ನಿಜ. ಆದರೆ ಕುಡಿ ತೆಗೆದ ಮೇಲೂ ಮೊಗ್ಗನ್ನು ತಡೆದಿದ್ದು ಯಾವುದು? ಅದನ್ನು ತಿಳಿಯಲೇಬೇಕು ಅನ್ನಿಸಿ ಓದಲು ಕೂತೆ.

ಕುಡಿಯಲ್ಲಿ ಆಕ್ಸಿನ್ ಎಂಬ ಹಾರ್ಮೋನ್ ಹುಟ್ಟಿ ಕಾಂಡದಲ್ಲಿ ಕೆಳಗಿಳಿಯುತ್ತದೆ. ಅದು ಕಂಕುಳ ಮೊಗ್ಗಿನ ಒಳಗೆ ಹೋಗಿ ತಡೆಯುವುದಿಲ್ಲ, ಬೇರೆ ಎರಡು ಹಾರ್ಮೋನ್‌ಗಳ ಮೂಲಕ ಕೆಲಸ ಮಾಡಿಸುತ್ತದೆ. ಮೊಗ್ಗನ್ನು ಎಬ್ಬಿಸುವ ಸೈಟೋಕೈನಿನ್ ಕಡಿಮೆಯಾಗುತ್ತದೆ, ಮಲಗಿಸುವ ಸ್ಟ್ರೈಗೋಲ್ಯಾಕ್ಟೋನ್ ಜಾಸ್ತಿಯಾಗುತ್ತದೆ. ಕುಡಿ ಚಿವುಟಿದರೆ ಈ ಲೆಕ್ಕ ತಿರುಗುತ್ತದೆ.

ಸ್ಟ್ರೈಗೋಲ್ಯಾಕ್ಟೋನ್ ಕವಲನ್ನು ತಡೆಯುತ್ತದೆ ಅಂತ ಗೊತ್ತಾಗಿದ್ದು 2008ರಲ್ಲಿ. ನನಗೆ ಜಾಸ್ತಿ ಹಿಡಿಸಿದ್ದು ಪೆಟೂನಿಯಾ ಕಥೆ. ಡ್ಯಾಡ್1 ಎಂಬ ಜೀನ್ ಕೆಟ್ಟ ಪೆಟೂನಿಯಾ ಈ ಹಾರ್ಮೋನ್ ತಯಾರಿಸಲಾರದೆ ಪೊದೆಯಾಗುತ್ತದೆ. ಅದರ ರೆಂಬೆಯನ್ನು ಮಾಮೂಲಿ ಪೆಟೂನಿಯಾದ ಬೇರಿಗೆ ಕಸಿ ಕಟ್ಟಿದರೆ ಕವಲು ಮತ್ತೆ ಹತೋಟಿಗೆ ಬರುತ್ತದೆ. ಅಂದ್ರೆ ಬೇರಿನಿಂದಲೂ ಮೇಲಕ್ಕೆ ಅಪ್ಪಣೆ ಹೋಗುತ್ತದೆ!

ನನ್ನ ತೋಟದಂಚಿನ ಉತ್ತರ ಸಿಕ್ಕಿದ್ದು ಬಿಆರ್‌ಸಿ1 ಎಂಬ ಇನ್ನೊಂದು ಜೀನ್‌ನಲ್ಲಿ. ಇದು ಮೊಗ್ಗಿನೊಳಗೇ ಇದ್ದು ಅದನ್ನು ಮಲಗಿಸಿಡುತ್ತದೆ. ಮೇಲಿನ ಎಲೆಗಳು ಕೆಂಪು ಬೆಳಕನ್ನು ಹೀರಿಕೊಂಡು, ನಮ್ಮ ಕಣ್ಣಿಗೆ ಅಷ್ಟಾಗಿ ಕಾಣದ ದೂರ ಕೆಂಪನ್ನು ಕೆಳಗೆ ಬಿಡುತ್ತವೆ. ಆ ಬೆಳಕು ಬಿದ್ದ ಗಿಡ ಪಕ್ಕದಲ್ಲಿ ಪೈಪೋಟಿ ಇದೆ ಅಂತ ತಿಳಿದು ಎತ್ತರಕ್ಕೆ ಓಡುತ್ತದೆ, ಬಿಆರ್‌ಸಿ1 ಚುರುಕಾಗುತ್ತದೆ. ಶಿಕಾರಿಪುರದ ಕಡೆ ಬೆಳೆಯುವ ಮೆಕ್ಕೆಜೋಳ ಒಂಟಿ ದಂಟಾಗಿ ನಿಲ್ಲುವುದರ ಹಿಂದೆಯೂ ಇದೇ ಜೀನ್‌ನ ನೆಂಟ ಇದೆ. ಮೆಕ್ಕೆಜೋಳದ ಕಾಡು ಮೂಲ ಟಿಯೋಸಿಂಟೆ ತುಂಬಾ ಕವಲಿನ ಹುಲ್ಲು.

ಇನ್ನೊಂದು ನಮ್ಮ ಮಣ್ಣಿನದು. ಮಲೆನಾಡಿನ ಹುಳಿ ಮಣ್ಣಿನಲ್ಲಿ ಕಬ್ಬಿಣ, ಅಲ್ಯೂಮಿನಿಯಂ ಸೇರಿ ರಂಜಕವನ್ನು ಕಟ್ಟಿಹಾಕುತ್ತವೆ. ರಂಜಕ ಸಿಗದಿದ್ದರೆ ಎಷ್ಟೋ ಜಾತಿಯ ಗಿಡಗಳ ಬೇರು ಸ್ಟ್ರೈಗೋಲ್ಯಾಕ್ಟೋನ್ ಹೆಚ್ಚಿಸುತ್ತದೆ. ಬೇರಿಗೆ ನೆರವಾಗುವ ಶಿಲೀಂಧ್ರವನ್ನು ಕರೆಯುವುದೂ ಅದೇ ವಸ್ತು. ಹಾಗಾಗಿ ಈಗ ಗುಂಡಿಗೆ ಕೊಟ್ಟಿಗೆ ಗೊಬ್ಬರದ ಜೊತೆ, ರಂಜಕ ಸಿಗಲಿ ಅಂತ, ಒಂದು ಹಿಡಿ ಮೂಳೆಪುಡಿ ಹಾಕುತ್ತೇನೆ.

ಕಳೆದ ವರ್ಷ ಗಡ್ಡೆಗಳನ್ನೆಲ್ಲ ದಣಪೆ ಪಕ್ಕವೇ ನೆಟ್ಟು, ಗಿಡದಿಂದ ಗಿಡಕ್ಕೆ ಎರಡಡಿ ಬಿಟ್ಟೆ. ನಾಲ್ಕನೇ ಜೊತೆ ಎಲೆಯ ಮೇಲೆ ಕುಡಿ ತೆಗೆದೆ. ಹನ್ನೆರಡನೇ ದಿನ ಕೆಳಗಿನ ಕಂಕುಳಲ್ಲೂ ಹಸಿರು ಚುಕ್ಕೆ ಕಂಡಿತು. ಅತ್ತೆಯನ್ನು ಕೂಗಿ ಕರೆದೆ. ಇಬ್ಬರೂ ಕೊಡೆ ಹಿಡಿದು ಬಗ್ಗಿ ಎಣಿಸಿದೆವು. ಮೊದಲ ಗಿಡದಲ್ಲಿ ಎಂಟಕ್ಕೆ ಎಂಟೂ ಚಿಗುರಿದ್ದವು.