ಅಡಿಕೆ ಮಂಡಿಯ ಸರ್ವರಿಗೆ ಬ್ಯಾಚ್ ಫೈಲ್ ಬ್ಯಾಕಪ್: ನನ್ನ ಅನುಭವ

"ಈ ಕಾಲದಲ್ಲಿ ಬ್ಯಾಚ್ ಫೈಲ್ ಯಾರು ಬರೀತಾರೆ ಮಾರಾಯ್ರೆ?" ಬಿಲ್ಲಿಂಗ್ ಸಾಫ್ಟ್‌ವೇರ್ ಕೊಟ್ಟ ಕಂಪನಿಯ ಎಂಜಿನಿಯರ್ ಹುಬ್ಬಳ್ಳಿಯಿಂದ ಫೋನಿನಲ್ಲಿ ನಕ್ಕಿದ್ದು ಹೀಗೆ. ಬ್ಯಾಚ್ ಫೈಲ್ ಅಂದರೆ ವಿಂಡೋಸ್ ಒಂದಾದ ಮೇಲೊಂದು ಓಡಿಸುವ ಕಮಾಂಡ್‌ಗಳ ಪಟ್ಟಿ, ಅಷ್ಟೇ. ಅವರ ಬ್ಯಾಕಪ್ ಪ್ಯಾಕೇಜಿಗೆ ವರ್ಷಕ್ಕೆ ಸುಮಾರು 35 ಸಾವಿರ. ದರ ಕೇಳಿಯೇ ಶಿರಸಿಯ ಮಂಡಿ ಯಜಮಾನರು ಕೈ ಮುಗಿದರು. ನನ್ನ ಲೆಕ್ಕ ಇಷ್ಟು: ಎರಡು 1 ಟಿಬಿ ಡಿಸ್ಕಿಗೆ 9 ಸಾವಿರ ಚಿಲ್ಲರೆ, ಯುಪಿಎಸ್ ಬ್ಯಾಟರಿಗೆ ನಾಲ್ಕೂವರೆ, ನನ್ನ ಮಜೂರಿ 12 ಸಾವಿರ. ಸಾಫ್ಟ್‌ವೇರಿಗೆ ಸೊನ್ನೆ. ಹೋದ ಮಳೆಗಾಲದಲ್ಲಿ ಸರ್ವರಿನ ಡಿಸ್ಕ್ ಸತ್ತ ಮೇಲೆ ಯಾರೂ ನಕ್ಕಿಲ್ಲ ಬಿಡಿ.

ಸೆಟಪ್ ದೊಡ್ಡದೇನಲ್ಲ. ಬಿಲ್ಲಿನ ಲೆಕ್ಕವೆಲ್ಲ ಇರುವುದು ಮೈಕ್ರೋಸಾಫ್ಟಿನ ಉಚಿತ ಡೇಟಾಬೇಸ್ ಎಸ್‌ಕ್ಯೂಎಲ್ ಎಕ್ಸ್‌ಪ್ರೆಸ್‌ನಲ್ಲಿ, ಡೇಟಾ 4 ಜಿಬಿ ಆಸುಪಾಸು. ಎಕ್ಸ್‌ಪ್ರೆಸ್‌ನಲ್ಲಿ ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಏಜೆಂಟ್ ಇಲ್ಲ, ಹಾಗಾಗಿ ಆ ಕೆಲಸ ವಿಂಡೋಸಿನ ಟಾಸ್ಕ್ ಶೆಡ್ಯೂಲರಿಗೆ. ರಾತ್ರಿ 9ಕ್ಕೆ, ಡೇಟಾಬೇಸಿಗೆ ಕಮಾಂಡ್ ಕೊಡುವ ಎಸ್‌ಕ್ಯೂಎಲ್‌ಸಿಎಂಡಿ ಬ್ಯಾಕಪ್ ತೆಗೆಯುತ್ತದೆ. ಸೆವೆನ್‌ಜಿಪ್ ಅದಕ್ಕೆ ಪಾಸ್‌ವರ್ಡ್ ಹಾಕಿ 600 ಎಂಬಿ ಹತ್ತಿರ ಇಳಿಸುತ್ತದೆ. ರೋಬೋಕಾಪಿ ಒಂದು ಪ್ರತಿಯನ್ನು ಯುಎಸ್‌ಬಿ ಡಿಸ್ಕಿಗೆ ಹಾಕಿ, ಇನ್ನೊಂದನ್ನು ಘಟ್ಟದ ಕೆಳಗೆ ಕುಮಟಾ ಶಾಖೆಗೆ ಕಳಿಸುತ್ತದೆ. ಕೊನೆಗೆ ಮೇಲ್.

ಕೈಯಿಂದ ಓಡಿಸಿದರೆ ಎಲ್ಲ ಸರಿ, ಶೆಡ್ಯೂಲರಿಗೆ ಕೊಟ್ಟರೆ ಏನೂ ಇಲ್ಲ. ಮೊದಲ ತಿಂಗಳೆಲ್ಲ ಇದೇ ಗೋಳು. ಒಂದು ಕಾರಣ ತಾರೀಕು. ನನ್ನ ಲಾಗಿನ್ನಿನಲ್ಲಿ ತಾರೀಕು ಅಡ್ಡಗೆರೆ ಹಾಕಿ ಬರುತ್ತಿತ್ತು, ಶೆಡ್ಯೂಲರ್ ಕೆಲಸ ಓಡಿಸುವ ಸಿಸ್ಟಮ್ ಅಕೌಂಟಿನಲ್ಲಿ ಅಮೆರಿಕದ ಕ್ರಮದಲ್ಲಿ ಓರೆಗೆರೆ ಹಾಕಿ. ಫೈಲ್ ಹೆಸರಿನಲ್ಲಿ ಓರೆಗೆರೆ ಬಂದರೆ ವಿಂಡೋಸ್ ಅದನ್ನು ಫೋಲ್ಡರ್ ಅಂದುಕೊಳ್ಳುತ್ತದೆ. ಈಗ ತಾರೀಕನ್ನು ವಿಂಡೋಸಿನದೇ ಇನ್ನೊಂದು ಕಮಾಂಡ್ ಭಾಷೆ ಪವರ್‌ಶೆಲ್‌ನ ಒಂದು ಸಾಲಿನಿಂದ ಒಂದೇ ರೂಪದಲ್ಲಿ ತರಿಸುತ್ತೇನೆ. ಇನ್ನೊಂದು ಕಾರಣ ಜೆಡ್ ಡ್ರೈವ್, ಅಂದರೆ ನೆಟ್‌ವರ್ಕಿನ ಫೋಲ್ಡರಿಗೆ ನಾವಿಟ್ಟ ಅಕ್ಷರ. ನಾವು ಲಾಗಿನ್ ಆದಾಗ ಮ್ಯಾಪ್ ಮಾಡಿದ ಡ್ರೈವ್ ಸಿಸ್ಟಮ್ ಅಕೌಂಟಿಗೆ ಕಾಣುವುದಿಲ್ಲ. ನೆಟ್‌ವರ್ಕಿನ ಪೂರ್ತಿ ವಿಳಾಸವನ್ನೇ ಕೊಡಿ.

ರೋಬೋಕಾಪಿಯದು ಬೇರೆಯೇ ಕಥೆ. ಲೈನ್ ಕಡಿದರೆ ಅದು ಸುಮ್ನೆ ಬಿಡುವ ಪೈಕಿಯಲ್ಲ. ನಾವೇನೂ ಹೇಳದಿದ್ದರೆ 10 ಲಕ್ಷ ಸಲ ಪ್ರಯತ್ನ, ಒಂದೊಂದಕ್ಕೂ ನಡುವೆ 30 ಸೆಕೆಂಡ್. ಗುಣಿಸಿ ನೋಡಿ, ಒಂದು ಫೈಲಿಗೆ ಹತ್ತಿರ ಹತ್ತಿರ ಒಂದು ವರ್ಷ! ಮಳೆಗಾಲದಲ್ಲಿ ಘಟ್ಟದ ಮೇಲೆ ಮರ ಬಿದ್ದು ಫೈಬರ್ ಹೋದಾಗೆಲ್ಲ ಬೆಳಿಗ್ಗೆ ಬಂದರೂ ಅದು ಕಾಯುತ್ತಲೇ ಇರುತ್ತಿತ್ತು. 3 ಸಲ, 20 ಸೆಕೆಂಡ್ ಅಂತ ಕಟ್ಟು ಹಾಕಿದೆ. ಕೆಲಸ ಮುಗಿದಾಗ ಅದು ಕೊಡುವ ಫಲಿತಾಂಶದ ಸಂಖ್ಯೆ, ಅಂದರೆ ಎರರ್‌ಲೆವೆಲ್, 1 ಅಂದರೆ ಫೈಲ್ ಹೋಯಿತು ಅಂತ ಅರ್ಥ, 8 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಮಾತ್ರ ತಾಪತ್ರಯ. ಎಸ್‌ಕ್ಯೂಎಲ್‌ಸಿಎಂಡಿ ಉಲ್ಟಾ: '-ಬಿ' ಸ್ವಿಚ್ ಹಾಕದಿದ್ದರೆ ಬ್ಯಾಕಪ್ ಬಿದ್ದುಹೋದರೂ ಎಲ್ಲ ಸರಿ ಅನ್ನುವ ಸೊನ್ನೆಯೇ.

ಹಳೆಯ ಪ್ರತಿ ಅಳಿಸಲು ಫೋರ್‌ಫೈಲ್ಸ್ ಬಳಸುವವರು ಒಂದು ವಿಷಯ ನೋಡಿಕೊಳ್ಳಿ. ಹೊಸದು ಬಾರದಿದ್ದರೂ ಅದು 15 ದಿನ ದಾಟಿದ್ದನ್ನು ಅಳಿಸುತ್ತಲೇ ಹೋಗುತ್ತದೆ. ನನ್ನ ಸ್ಕ್ರಿಪ್ಟ್ ವೆರಿಫೈ (ಬ್ಯಾಕಪ್ ಫೈಲ್ ಸರಿಯಿದೆಯೇ ಎಂಬ ಪರೀಕ್ಷೆ) ಪಾಸಾದ ರಾತ್ರಿ ಮಾತ್ರ ಅಳಿಸುತ್ತದೆ. ರೋಬೋಕಾಪಿಯ ಮಿರರ್ ಸ್ವಿಚ್ ಅಂತೂ ನಾನು ಮುಟ್ಟುವುದೇ ಇಲ್ಲ. ಮೂಲ ಫೋಲ್ಡರ್ ಖಾಲಿಯಾದರೆ ಬ್ಯಾಕಪ್ಪನ್ನೂ ಗುಡಿಸಿ ಖಾಲಿ ಮಾಡುತ್ತದೆ.

ಮೇಲ್‌ಗೆ ಮೊದಲು ಬ್ಲಾಟ್ ಮತ್ತು ಎಸ್‌ಟನಲ್ ಎಂಬ ಎರಡು ಪುಟ್ಟ ಪ್ರೋಗ್ರಾಮ್ ಇದ್ದವು. 2022ರ ಮೇ ಕೊನೆಗೆ ಇಂಥ ಪ್ರೋಗ್ರಾಮ್‌ಗಳು ಬರೀ ಪಾಸ್‌ವರ್ಡಿನಿಂದ ಜಿಮೇಲಿಗೆ ಹೋಗುವ ಬಾಗಿಲನ್ನು ಗೂಗಲ್ ಮುಚ್ಚಿತು. ಈಗ ಪ್ರೋಗ್ರಾಮ್‌ಗಳಿಗೆಂದೇ ಗೂಗಲ್ ಕೊಡುವ 16 ಅಕ್ಷರದ ಆ್ಯಪ್ ಪಾಸ್‌ವರ್ಡ್, ಕಳಿಸುವುದಕ್ಕೆ ವಿಂಡೋಸಿನ ಜೊತೆಗೇ ಬರುವ ಕರ್ಲ್ ಎಂಬ ಕಮಾಂಡ್, ಪೋರ್ಟ್ 465. ಸಬ್ಜೆಕ್ಟಿನಲ್ಲಿ 'ಸಕ್ಸಸ್' ಅಂತ ಬರೆದರೆ ವಾರದೊಳಗೆ ಯಾರೂ ಓದುವುದಿಲ್ಲ. ಅದಕ್ಕೇ ಫೈಲಿನ ಗಾತ್ರ ಹಾಕುತ್ತೇನೆ: ಇವತ್ತು 612 ಎಂಬಿ, ನಿನ್ನೆ 611. ಒಂದು ದಿನ 40 ಅಂತ ಬಂದರೆ ಗುಮಾಸ್ತರೇ ಫೋನ್ ಮಾಡುತ್ತಾರೆ. ಒಂದು ದಿನ ಇಮೇಲೇ ಬಾರದಿದ್ದರೆ? ಸರ್ವರ್ ಸತ್ತಿದ್ದರೆ ಅದು ಹೇಗೆ ಮೇಲ್ ಕಳಿಸುತ್ತದೆ? ಆ ಕೆಲಸ ಕುಮಟಾದ ಮಷೀನಿಗೆ. ಬೆಳಿಗ್ಗೆ 7ಕ್ಕೆ ಹೊಸ ಫೈಲ್ ಕಾಣದಿದ್ದರೆ ಅದೇ ನನಗೆ ಮೇಲ್ ಹಾಕುತ್ತದೆ.

ಹಗಲಿಡೀ ಯುಎಸ್‌ಬಿ ಡಿಸ್ಕ್ ಸರ್ವರಿನಲ್ಲಿ ಚುಚ್ಚಿಕೊಂಡೇ ಇದ್ದರೂ ವಿಂಡೋಸ್‌ಗೆ ಕಾಣುವುದಿಲ್ಲ, ವೈರಸ್‌ಗೂ ಕಾಣುವುದಿಲ್ಲ. ಹೇಗೆ ಅಂತ ಇಲ್ಲಿ ಬರೆಯೋದಿಲ್ಲ, ಅದು ನನ್ನ ಹೊಟ್ಟೆಪಾಡು.

ಮಧ್ಯೆ ಒಂದು ತಮಾಷೆ ಪ್ರಯೋಗ. ಮಂಡಿಯ ಮ್ಯಾನೇಜರ್ ಮೇಲ್ ನೋಡುವವರಲ್ಲ, ಕಾಗದ ಬೇಕು. ತೂಕದ ಚೀಟಿ ಹೊಡೆಯುವ ಹಳೆ ಡಾಟ್ ಮ್ಯಾಟ್ರಿಕ್ಸ್ ಇತ್ತಲ್ಲ, ಅದನ್ನು ಸಿಕ್ಕಿಸಿದ ಎಲ್‌ಪಿಟಿ1 ಪೋರ್ಟಿಗೆ ಒಂದು ಕಾಪಿ ಕಮಾಂಡ್. ಈಗ ಬೆಳಿಗ್ಗೆ ಪ್ರಿಂಟರ್ ಆನ್ ಮಾಡಿದ ಕೂಡಲೇ ಕರ್ರ್ ಅಂತ ಒಂದು ಸಾಲು ಬರುತ್ತದೆ: ತಾರೀಕು, ಗಾತ್ರ, ಸರಿ ಅಥವಾ ತಪ್ಪು. ಅವರು ಅದನ್ನು ಹರಿದು ರೋಕಡಿ ಪುಸ್ತಕಕ್ಕೆ ಪಿನ್ ಹೊಡೆಯುತ್ತಾರೆ. ಎಸ್ಎಂಎಸ್‌ಗೆ ಡಾಂಗಲ್ ತಂದು 1,800 ಹೋಯಿತು. ಆ ಮೂಲೆಯಲ್ಲಿ ಸಿಗ್ನಲ್ಲೇ ಇಲ್ಲ.

ಡಿಸ್ಕ್ ಸತ್ತಿದ್ದು ಜುಲೈಯಲ್ಲಿ, ಕರೆಂಟ್ ಹೋಗಿ ಬಂದು ಮಾಡಿದ ಒಂದು ಬೆಳಿಗ್ಗೆ. ರಾತ್ರಿಯ ಚೀಟಿ 'ಸರಿ' ಅಂದಿತ್ತು, ಆಮೇಲೆ ಒಂದೂ ಬಿಲ್ ಆಗಿರಲಿಲ್ಲ. ಮೊದಲೇ ಎಕ್ಸ್‌ಪ್ರೆಸ್ ಹಾಕಿಟ್ಟಿದ್ದ ಹಳೆ ಡೆಸ್ಕ್‌ಟಾಪಿಗೆ ಯುಎಸ್‌ಬಿಯಿಂದ ರಿಸ್ಟೋರ್ ಮಾಡಿದೆ, 20 ನಿಮಿಷ ಹಿಡಿದಿರಬಹುದು. ಟೆಂಡರ್ ಹೊತ್ತಿಗೆ ರಾಶಿ, ಚಾಲಿ ಎರಡೂ ಬಗೆಯ ಅಡಿಕೆಯ ಬಿಲ್ಲೂ ಹೊರಬೀಳುತ್ತಿತ್ತು. ಯಜಮಾನರು ಕವಳದ ಬಾಯಲ್ಲೇ "ಅಡ್ಡಿಲ್ಲೆ ತಮಾ" ಅಂದರು. ಬಾಕಿ ಇದ್ದ 4 ಸಾವಿರವೂ ಅವತ್ತೇ ಬಂತು.

ಈಗ ಸಿದ್ದಾಪುರ ಕಡೆಯ ಒಂದು ಸೊಸೈಟಿಗೆ ಇದನ್ನೇ ಹಾಕುತ್ತಿದ್ದೇನೆ. ಅಲ್ಲಿ ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರ್. ಗುಮಾಸ್ತರು ಅದನ್ನು ತೆರೆದಿಟ್ಟೇ ಮನೆಗೆ ಹೋಗುತ್ತಾರೆ, ತೆರೆದಿದ್ದ ಫೈಲಿನ ರಾತ್ರಿಯ ಪ್ರತಿ ನಂಬುವ ಹಾಗಿಲ್ಲ. ಎಂಟೂವರೆಗೆ ಮಷೀನ್‌ಗಳನ್ನೇ ಶಟ್‌ಡೌನ್ ಮಾಡಿಸುವ ಒಂದು ಸಾಲು ಬರೆದಿಟ್ಟಿದ್ದೇನೆ. ಸೆಕ್ರೆಟರಿ ಒಪ್ಪಿದ್ದಾರೆ, ಗುಮಾಸ್ತರು ಇನ್ನೂ ಒಪ್ಪಿಲ್ಲ.